ಬಿಳಿ ಗೆರೆ ಕೇಳಿದ್ದಕ್ಕೆ

ನಿವೃತ್ತಿಯ ದಿನ ನನಗೆ ಶಾಲು ಹೊದಿಸಿ, ಹಾರ ಹಾಕಿ, "ಮೇಡಂ ಅವರದು ಬಹಳ ಮೃದು ಸ್ವಭಾವ" ಎಂದು ಭಾಷಣ ಮಾಡಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನನ್ನ ಹಳೆಯ ವಿದ್ಯಾರ್ಥಿನಿಯರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಮೊಳಕಾಲ್ಮುರು, ಚಳ್ಳಕೆರೆ ಎರಡೂ ತಾಲ್ಲೂಕುಗಳಲ್ಲಿ ದೈಹಿಕ ಶಿಕ್ಷಕಿಯಾಗಿ ಮಣ್ಣು ಹೊತ್ತವಳು ನಾನು. ಮೃದು ಸ್ವಭಾವದಿಂದ ನನಗೆ ಒಂದು ವಾಲಿಬಾಲ್ ನೆಟ್ ಕೂಡ ಸಿಗಲಿಲ್ಲ. ಎಲ್ಲವನ್ನೂ ಜಗಳ ಮಾಡಿಯೇ ತಂದೆ. ಒಂದೇ ಒಂದು ಜಗಳದಲ್ಲಿ ಸೋತೆ, ಅದರ ಸಿಟ್ಟು ಪಿಂಚಣಿಯ ಜೊತೆಗೇ ತಿಂಗಳು ತಿಂಗಳು ಬರುತ್ತಿದೆ. ಈಗ ಹೊಸದಾಗಿ ಕೆಲಸಕ್ಕೆ ಸೇರುತ್ತಿರುವ ಪೀಟಿ ಟೀಚರುಗಳಿಗೆ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಬರುವವರ ಹೆಸರು ಬದಲಾಯಿಸಿದ್ದೇನೆ. ಯಾಕೆ ಅನ್ನುವುದು ಓದುತ್ತಾ ಹೋದರೆ ತಿಳಿಯುತ್ತದೆ.

ತರಬೇತಿ ಕಾಲೇಜಿನಲ್ಲಿ ನಿಮಗೆ ಸ್ನಾಯುಗಳ ಹೆಸರು ಕಲಿಸಿರುತ್ತಾರೆ. ಶಾಲೆಗೆ ಬಂದ ಮೇಲೆ ನೀವು ಪ್ರಾರ್ಥನೆಗೆ ಸಾಲು ನಿಲ್ಲಿಸುವವರು, ಗಣಿತದ ಮೇಷ್ಟ್ರು ರಜೆ ಹಾಕಿದಾಗ ಮಕ್ಕಳನ್ನು ಸುಮ್ಮನೆ ಕೂರಿಸುವವರು, ಮಂತ್ರಿಗಳು ಬಂದಾಗ ಹೂ ಹಿಡಿದ ಹುಡುಗಿಯರನ್ನು ಬಿಸಿಲಿನಲ್ಲಿ ಜೋಡಿಸುವವರು. ಯಾರಿಗೆ ಒಂದು ಪೀರಿಯಡ್ ಬೇಕಾದರೂ ಮೊದಲು ಕಿತ್ತುಕೊಳ್ಳುವುದು ನಿಮ್ಮದನ್ನೇ. ಇಷ್ಟರ ನಡುವೆ ಉಳಿದ ಹೊತ್ತಿನಲ್ಲಿ ಆಟ. ನಮ್ಮ ಕಡೆ ಅದಕ್ಕೆ ಬೇಕಾದದ್ದು ಕಲ್ಲು ಆಯ್ದ ಕೆಂಪು ಮಣ್ಣಿನ ಅಂಗಳ, ಒಂದು ಬಕೆಟ್ ಸುಣ್ಣದ ಪುಡಿ, ತಳಕ್ಕೆ ಮೊಳೆಯಲ್ಲಿ ತೂತು ಹೊಡೆದ ಡಬ್ಬಿ. ಡಬ್ಬಿ ಅಲ್ಲಾಡಿಸುತ್ತಾ ನಡೆದರೆ ಬಿಳಿ ಗೆರೆ ಬೀಳುತ್ತದೆ. ಆ ಗೆರೆ ಕಾಣುವುದಿಲ್ಲ ಎಂದು ನನಗೆ ಯಾವ ಮಗುವೂ ಹೇಳಿದ್ದಿಲ್ಲ.

ತೊಂದರೆ ಶುರುವಾಗಿದ್ದು ಬಣ್ಣ ಬಂದ ಮೇಲೆ. ನನ್ನ ಮೊದಲ ಶಾಲೆಗೆ ಒಂದು ಸಲ ಆಟದ ಅಂಗಿಗಳ ಗಂಟು ಬಂತು, ಅರ್ಧ ಕೆಂಪು, ಅರ್ಧ ಹಸಿರು. ಮುಖ್ಯೋಪಾಧ್ಯಾಯರು ಅದನ್ನು ಬಿಚ್ಚಿ, ಮದುವೆ ಜವಳಿ ನೋಡುವವರಂತೆ ಮಡಿಲಲ್ಲಿ ಇಟ್ಟುಕೊಂಡು ನೋಡಿದರು. ಮೊದಲ ಹ್ಯಾಂಡ್‌ಬಾಲ್ ಆಟದಲ್ಲೇ ಎಂಟನೇ ತರಗತಿಯ ಒಬ್ಬ ಹುಡುಗ ಚೆಂಡನ್ನು ಮತ್ತೆ ಮತ್ತೆ ಎದುರಾಳಿಗೆ ಕೊಟ್ಟ. ಮುಖ್ಯೋಪಾಧ್ಯಾಯರು ಅವನ ಕಿವಿ ಹಿಂಡಿ, "ಯಾರ ಕಡೆ ಆಡ್ತಿದೀಯಲೇ?" ಎಂದರು. ಅವನು ಅಳುತ್ತಾ, "ಎಲ್ಲಾ ಒಂದೇ ತರ ಅಂಗಿ ಹಾಕ್ಕೊಂಡ್ರೆ ನಂಗೆಂಗೆ ಗೊತ್ತಾಗ್ಬೇಕು ಸಾರ್" ಎಂದ. ಎಲ್ಲರೂ ನಕ್ಕರು. ನಾನು ಒಂದು ತಂಡಕ್ಕೆ ಅಂಗಿ ಬಿಚ್ಚಿಸಿ, ಶಾಲೆಯ ಬಿಳಿ ಶರಟಿನಲ್ಲೇ ಆಡಿಸಿದೆ. ಅದೇ ಹುಡುಗ ಆಮೇಲೆ ಒಂದು ಚೆಂಡನ್ನೂ ತಪ್ಪಾಗಿ ಕೊಡಲಿಲ್ಲ. ಅದಕ್ಕೆ ನನಗೆ ಸಿಕ್ಕ ಬಹುಮಾನ, ಸರ್ಕಾರ ಕೊಟ್ಟ ಅಂಗಿಯನ್ನು ಬಳಸದೆ ಇಟ್ಟಿದ್ದೀರಿ ಎಂಬ ಮೆಮೋ.

ಬಣ್ಣಗುರುಡು ಎಂದರೆ ಲೋಕವೆಲ್ಲ ಕಪ್ಪು ಬಿಳುಪು ಎಂದು ನಮ್ಮವರು ತಿಳಿದಿದ್ದಾರೆ. ಹಾಗಲ್ಲ. ಹೆಚ್ಚಿನವರಿಗೆ ನೀಲಿ, ಹಳದಿ ಚೆನ್ನಾಗಿಯೇ ಕಾಣುತ್ತವೆ. ಕೆಂಪು ಮತ್ತು ಹಸಿರು ಮಾತ್ರ ಒಂದರೊಳಗೊಂದು ಸೇರಿಹೋಗುತ್ತವೆ. ಹಾಗಾಗಿ ಒಂದು ತಂಡಕ್ಕೆ ನೀಲಿ, ಇನ್ನೊಂದಕ್ಕೆ ಹಳದಿ ಕೊಟ್ಟರೆ ಮುಗಿಯಿತು. ಆದರೆ ಅಂಗಿ ಕೊಳ್ಳುವವರಿಗೆ ಪ್ರಪಂಚದಲ್ಲಿ ಇರುವುದು ಎರಡೇ ಬಣ್ಣ, ಅವೇ ಆ ಹಾಳು ಕೆಂಪು ಮತ್ತು ಹಸಿರು.

ಆಡುವವರದಷ್ಟೇ ಕಷ್ಟ ಎಂದುಕೊಂಡಿದ್ದೆ. ನೋಡುವವರದೂ ಇದೆ ಎಂದು ತಿಳಿದದ್ದು ಬೋರಯ್ಯನಿಂದ. ನನ್ನಿವಾಳದ ಕಡೆ ಒಂದು ಹಟ್ಟಿಯಲ್ಲಿ ಕುರಿ ಸಾಕಿಕೊಂಡಿದ್ದ ಮನುಷ್ಯ ಅವನು. ಎಲ್ಲಿ ಕಬಡ್ಡಿ ಇದ್ದರೂ ಕುರಿಯನ್ನು ಯಾರಿಗಾದರೂ ಒಪ್ಪಿಸಿ ಬಂದು ಅಂಕಣದ ಹಗ್ಗಕ್ಕೆ ಆತುಕೊಂಡು ಕೂರುತ್ತಿದ್ದ. ಒಂದು ಭಾನುವಾರದ ಪಂದ್ಯದಲ್ಲಿ ಎರಡು ತಂಡಕ್ಕೂ ಯಾರೋ ದಾನಿಗಳು ಅಂಗಿ ಕೊಡಿಸಿದ್ದರು. ಯಾವ ಬಣ್ಣ ಎಂದು ಬೇರೆ ಹೇಳಬೇಕಿಲ್ಲ. ಮೈಕು ಹಿಡಿದವನು ಊರಿನ ಹೆಸರು ಬಿಟ್ಟು "ಕೆಂಪು ತಂಡಕ್ಕೆ ಒಂದು, ಹಸಿರು ತಂಡಕ್ಕೆ ಎರಡು" ಎಂದು ಕೂಗುತ್ತಿದ್ದ. ಅರ್ಧ ಆಟ ಮುಗಿದು ತಂಡಗಳು ಅಂಕಣ ಬದಲಾಯಿಸಿದವು. ಬೋರಯ್ಯ ತನ್ನ ಊರಿನವರೆಂದು ಎದುರಿನವರಿಗೆ ಚಪ್ಪಾಳೆ ತಟ್ಟಿದ.

"ಏನ್ ಬೋರಣ್ಣ, ಮಧ್ಯಾಹ್ನಕ್ಕೇ ಏರ್ಸಿದೀಯಾ?" ಎಂದು ಹುಡುಗರು ಹಂಗಿಸಿದರು. ಅವನು ಕುಡಿಯುವವನಲ್ಲ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದು ಹೊರಟುಬಿಟ್ಟ. ನಾನು ಹಿಂದೆಯೇ ಹೋಗಿ ಕೇಳಿದೆ.

"ನಮ್ಮನೆ ಗಂಡಸರಿಗೆ ಆ ಎಲ್ಡು ಬಣ್ಣ ಸೇರಲ್ರೀ ಮೇಡಂ" ಎಂದ. "ನಮ್ಮಪ್ಪನ ಕಾಲದಿಂದ್ಲೂ ನಮ್ಮ ಕುರಿಗೆ ಕರೇ ಗುರ್ತು. ಎಲ್ಲಾರು ಕೆಂಪು ಹಚ್ತಾರೆ, ಹಸ್ರು ಹಚ್ತಾರೆ. ನಾವು ಕೀಲೆಣ್ಣೆ ಮಸಿ ಬಳೀತೀವಿ. ಹಂಗಾದ್ರೆ ನಮ್ಮವು ನಮಗೆ ಸಿಗ್ತಾವೆ."

ನಮ್ಮ ಕಡೆ ಹಲವರ ಕುರಿಗಳು ಒಟ್ಟಿಗೆ ಮೇಯುತ್ತವೆ. ಸಂಜೆ ಬೇರೆ ಮಾಡಿಕೊಳ್ಳಲು ಬೆನ್ನ ಮೇಲೆ ಒಂದೊಂದು ಮನೆಯವರು ಒಂದೊಂದು ಬಣ್ಣದ ಗುರುತು ಹಾಕುತ್ತಾರೆ. ಇವರ ಮನೆಯ ಗುರುತು ಕಪ್ಪು ಎಂದರೆ ಹಟ್ಟಿಯಲ್ಲಿ ಯಾರೂ ಯಾಕೆ ಎಂದು ಕೇಳಿರಲಿಲ್ಲ, ಯಾರೂ ಸರ್ಟಿಫಿಕೇಟ್ ತಾ ಎಂದೂ ಅಂದಿರಲಿಲ್ಲ. ಈ ಕೊನೆಯ ಮಾತನ್ನು ನಾನು ಬೇಕೆಂದೇ ಬರೆದಿದ್ದೇನೆ.

ವಾಪಸು ಹೋಗಿ ಮೈಕಿನವನಿಗೆ ತಂಡಗಳನ್ನು ಊರಿನ ಹೆಸರಿನಿಂದ ಕರೆ, ಯಾವ ದಿಕ್ಕಿನಲ್ಲಿದ್ದಾರೆ ಎಂದೂ ಹೇಳು ಎಂದೆ. "ಒಬ್ಬರಿಗೆ ಕಾಣಲ್ಲ ಅಂತ ಇಡೀ ಕಾಮೆಂಟರಿ ಬದಲಾಯಿಸ್ಬೇಕಾ ಮೇಡಂ?" ಎಂದು ಮೂಗು ಮುರಿದ. ಮೈಕು ಕಿತ್ತುಕೊಂಡು ನಾನೇ ಶುರು ಮಾಡಿದೆ. ನನ್ನ ಗಂಟಲು ಹೇಗೂ ಮೈಕು ಬೇಡದ ಗಂಟಲು. "ಬೇವಿನ ಮರದ ಕಡೆಯವರು, ಟ್ಯಾಂಕಿನ ಕಡೆಯವರು" ಎಂದು ಹೇಳುತ್ತಾ ಹೋದೆ. ಬೋರಯ್ಯ ತಿರುಗಿ ಬಂದು ಕೂತ. ದೂರದಲ್ಲಿ ಕಡಲೆಕಾಯಿ ಮಾರುತ್ತಿದ್ದ ಮುದುಕಿಯೊಬ್ಬಳು, ಇವತ್ತೇ ಕಣಮ್ಮ ನಂಗೆ ಆಟ ತಿಳಿದಿದ್ದು ಎಂದಳು. ಖರ್ಚಾದದ್ದು ನನ್ನ ಉಗುಳು ಮಾತ್ರ.

ಬೋರಯ್ಯನ ಮಗಳು ಪಾಲಕ್ಕ. ನಾನು ವರ್ಗವಾಗಿ ಬಂದ ಪ್ರೌಢಶಾಲೆಗೆ ಅವಳೂ ಬಂದು ಸೇರಿದಳು. ಉದ್ದ ಕೈ, ಉದ್ದ ಕಾಲು, ಕುರಿ ಹಿಂದೆ ಓಡಿ ಓಡಿ ಗಟ್ಟಿಯಾದ ಉಸಿರು. ಕಬಡ್ಡಿಯಲ್ಲಿ ಎದುರಾಳಿಗಳ ಅಂಕಣಕ್ಕೆ ನುಗ್ಗಿ ಮುಟ್ಟಿ ಬರುವುದನ್ನು ರೈಡ್ ಎನ್ನುತ್ತಾರೆ. ಅವಳು ರೈಡಿಗೆ ಹೋದರೆ ಅಂಚಿಗಂಟಿಕೊಂಡೇ ಸುಳಿದಾಡುತ್ತಿದ್ದಳು. ಮೂಲೆಯಲ್ಲಿ ನಿಂತ ಆಟಗಾರ್ತಿ ಕಾಲು ಎಳೆಯಲು ಬಗ್ಗಿದರೆ ಅವಳ ತಲೆ ಸವರಿಕೊಂಡು ವಾಪಸಾಗುತ್ತಿದ್ದಳು. ಅವಳಷ್ಟು ಒಳ್ಳೆಯ ಆಟಗಾರ್ತಿಯನ್ನು ನನ್ನ ಇಡೀ ನೌಕರಿಯಲ್ಲಿ ನಾನು ಕಂಡಿಲ್ಲ. ಹೊರ ಜಿಲ್ಲೆಯ ಕ್ರೀಡಾ ವಸತಿ ಶಾಲೆಯೊಂದಕ್ಕೆ ಅವಳು ಆಯ್ಕೆಯಾದರೆ ಊಟ, ಓದು, ತರಬೇತಿ ಎಲ್ಲಾ ಅಲ್ಲೇ. ಆಯ್ಕೆಯಾಗದಿದ್ದರೆ ಹತ್ತನೇ ತರಗತಿಗೇ ಓದು ಮುಗಿಯಿತು ಎಂದು ಅವಳ ತಾಯಿ ಮಾರಕ್ಕ ನನಗೆ ಸ್ಪಷ್ಟವಾಗಿಯೇ ಹೇಳಿದ್ದಳು.

ಆ ಹೊತ್ತಿಗೆ ಆಟ ಮಣ್ಣಿನಿಂದ ಮ್ಯಾಟಿಗೆ ಬಂದಿತ್ತು. ಮಂಡಿ ತರಚುವುದಿಲ್ಲ, ಬಿದ್ದರೆ ಮೂಳೆ ಮುರಿಯುವುದಿಲ್ಲ, ಒಳ್ಳೆಯದೇ. ಆದರೆ ನಮ್ಮ ಆಯ್ಕೆ ನಡೆಯುವ ಮೈದಾನಕ್ಕೆ ಬಂದ ಮ್ಯಾಟು ಕಡಿಮೆ ದರದ್ದು. ನಡುವಿನ ಅಂಕಣ ಹಸಿರು, ಎರಡು ಪಕ್ಕದ ಪಟ್ಟಿ ಕೆಂಪು. ಆ ಪಟ್ಟಿಗೆ ಲಾಬಿ ಎನ್ನುತ್ತಾರೆ. ರೈಡಿಗೆ ಬಂದವಳು ಯಾರನ್ನಾದರೂ ಮುಟ್ಟುವ ಮೊದಲು ಲಾಬಿಗೆ ಕಾಲಿಟ್ಟರೆ ಔಟು. ಮುಟ್ಟಿದ ಮೇಲೆ ಇಡಬಹುದು. ಇಂಥ ಸೂಕ್ಷ್ಮದ ಜಾಗದಲ್ಲಿ ಹಸಿರಿಗೂ ಕೆಂಪಿಗೂ ನಡುವೆ ಒಂದು ಗೆರೆ ಇರಲಿಲ್ಲ. ಬಣ್ಣ ಬದಲಾಗುತ್ತದಲ್ಲ, ಗೆರೆ ಯಾಕೆ ಎಂದು ತಯಾರಿಸಿದವನಿಗೆ ಅನ್ನಿಸಿರಬೇಕು. ಕೊಂಡವರಿಗೆ ಏನೂ ಅನ್ನಿಸಿರಲಿಕ್ಕಿಲ್ಲ.

ಅಭ್ಯಾಸದ ಮೊದಲ ದಿನ ಪಾಲಕ್ಕ ಒಂದಾದ ಮೇಲೊಂದು ರೈಡಿನಲ್ಲಿ ಲಾಬಿ ತುಳಿದು ಔಟಾದಳು. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅದು ನನಗೆ ಇಷ್ಟವಾಯಿತು.

"ಎಲ್ಲೈತೆ ಮೇಡಂ ಲಾಬಿ?" ಎಂದು ಕೇಳಿದಳು. "ಎಲ್ಲಾ ಒಣಗಿದ ಹುಲ್ಲಿನ ಬಣ್ಣ. ನಮ್ಮಪ್ಪಂಗೆ ಐತಲ್ಲ, ಅದು ನಂಗೂ ಐತೆ."

ಅಪ್ಪನಿಗೆ ಇದೆ ಎಂದು ನನಗೆ ಗೊತ್ತಿತ್ತು. ಹುಡುಗಿಗೆ ಇರಬಹುದು ಎಂದು ಯೋಚಿಸಿರಲಿಲ್ಲ. ಬ್ಯಾಗಿನಿಂದ ಬಿಳಿ ಟೇಪಿನ ಸುರುಳಿ ತೆಗೆದು, ಎರಡೂ ಬಣ್ಣ ಕೂಡುವ ಜಾಗದಲ್ಲಿ ಉದ್ದಕ್ಕೂ ಅಂಟಿಸಿದೆ. ಮತ್ತೆ ಆಡಿದಳು. ಗೆರೆಯ ಅಂಚಿನಲ್ಲಿ ಹೆಬ್ಬೆರಳು ಊರಿ ನಿಂತು, ಆ ಕಡೆ ಒಂದು ಕೂದಲೆಳೆಯಷ್ಟೂ ದಾಟದೆ, ನಮ್ಮ ಮೂಲೆಯ ಹುಡುಗಿಯನ್ನು ಕೈಯಾಡಿಸಿ ಕರೆದು ಕರೆದು ಮುಟ್ಟಿದಳು. ಅವತ್ತು ನನಗೆ ಆದ ಸಂತೋಷವನ್ನು ಬರೆಯಲು ಕೂತರೆ ಮುಂದಿನದು ಬರೆಯಲಾಗುವುದಿಲ್ಲ.

ಆಯ್ಕೆ ಸಮಿತಿಗೆ ಒಬ್ಬ ಮುಖ್ಯಸ್ಥರಿದ್ದರು. ಕೊರಳಿಗೆ ಸೀಟಿ, ಕಣ್ಣಿಗೆ ದಪ್ಪ ಗಾಜಿನ ಕನ್ನಡಕ. ಆಯ್ಕೆಗೆ ಒಂದು ವಾರ ಮೊದಲೇ ಅವರಲ್ಲಿಗೆ ಹೋಗಿ, ಲಾಬಿಗೆ ಬಿಳಿ ಟೇಪು ಹಾಕಲು ಅನುಮತಿ ಕೊಡಿ, ಟೇಪು ನಾನೇ ತರುತ್ತೇನೆ, ಆಟ ಮುಗಿದ ಮೇಲೆ ನಾನೇ ಕೀಳುತ್ತೇನೆ ಎಂದೆ.

"ಮ್ಯಾಟ್ ಅಂಟಂಟಾಗುತ್ತೆ ಮೇಡಂ, ಸರ್ಕಾರಿ ಸ್ವತ್ತು" ಎಂದರು. "ಒಬ್ಬಳಿಗೆ ಅಂತ ಟೇಪು ಹಾಕಿದ್ರೆ ಉಳಿದೋರು ಪಕ್ಷಪಾತ ಅಂತಾರೆ."

"ಗೆರೆ ಎಲ್ಲರಿಗೂ ಕಾಣುತ್ತಲ್ಲ ಸರ್. ಪಕ್ಷಪಾತ ಹೇಗಾಗುತ್ತೆ?"

"ನಿಮ್ಮ ಹತ್ರ ವಾದ ಮಾಡೋಕಾಗಲ್ಲ. ಡಾಕ್ಟ್ರ ಹತ್ರ ಬರೆಸ್ಕೊಂಡು ಬನ್ನಿ, ನೋಡೋಣ."

ನೋಡೋಣ ಎಂದರೆ ಹಾಕೋಣ ಎಂದು ನಾನು ನಂಬಿದೆ. ಅಷ್ಟು ವರ್ಷ ಸರ್ಕಾರಿ ಕಚೇರಿ ಸುತ್ತಿದವಳಿಗೆ ಅಷ್ಟೂ ಬುದ್ಧಿ ಇರಲಿಲ್ಲ.

ಪಾಲಕ್ಕ, ಬೋರಯ್ಯ, ಮಾರಕ್ಕ ಮೂವರನ್ನೂ ಕರೆದುಕೊಂಡು ಬಸ್ಸಿನಲ್ಲಿ ವೈದ್ಯರೊಬ್ಬರ ಬಳಿ ಹೋದೆ. ಅವರು ತಲೆ ಎತ್ತದೆಯೇ, "ಇದು ಹೆಣ್ಣುಮಕ್ಕಳಿಗೆ ಬರಲ್ಲಮ್ಮ" ಎಂದರು. ಜೇಬಿನಿಂದ ಒಂದು ಪೆನ್ನು ಎತ್ತಿ ಹಿಡಿದು ಯಾವ ಬಣ್ಣ ಎಂದು ಕೇಳಿದರು. ಪಾಲಕ್ಕ ಕೆಂಪು ಎಂದಳು. "ನೋಡಿದ್ರಾ?" ಎಂದು ನನ್ನ ಕಡೆ ತಿರುಗಿದರು.

"ಹೆಂಗೆ ಹೇಳ್ದೆ?" ಎಂದು ನಾನು ಅವಳನ್ನೇ ಕೇಳಿದೆ.

"ಜೇಬ್ನಾಗೆ ನೀಲಿ ಐತೆ, ಕರೇದು ಐತೆ. ಉಳಿದಿದ್ದು ಕೆಂಪೇ ಇರ್ಬೇಕಲ್ಲ" ಎಂದಳು.

ನೆನಪಿಡಿ, ಇಂಥ ಮಕ್ಕಳು ಹೀಗೆಯೇ ಊಹಿಸಿಕೊಂಡು ಬದುಕಿರುತ್ತಾರೆ. ಬಣ್ಣದ ಹೆಸರು ಸರಿ ಹೇಳಿದರು ಎಂದರೆ ಕಂಡಿತು ಎಂದಲ್ಲ. ನಾನು ಕುರ್ಚಿ ಎಳೆದುಕೊಂಡು ಕೂತೆ, ಸರಿಯಾಗಿ ಪರೀಕ್ಷೆ ಮಾಡುವವರೆಗೆ ಏಳುವುದಿಲ್ಲ ಎಂದೆ. ಕೊನೆಗೆ ಬೀರುವಿನ ತಳದಿಂದ ಬಣ್ಣದ ಚುಕ್ಕಿಗಳ ನಡುವೆ ಅಂಕಿ ಅಡಗಿರುವ ಹಾಳೆಗಳನ್ನು ತೆಗೆದರು. ಎಲ್ಲರಿಗೂ ಕಾಣುವಂಥ ಮೊದಲ ಹಾಳೆ ಬಿಟ್ಟು ಅವಳಿಗೆ ಬೇರೆ ಯಾವುದೂ ಕಾಣಲಿಲ್ಲ. ಆಗ ವೈದ್ಯರಿಗೆ ಉತ್ಸಾಹ ಬಂತು. ಪಕ್ಕದ ಕೋಣೆಯವರನ್ನೆಲ್ಲ ಕರೆದು, "ಬನ್ನಿ, ಹುಡುಗೀಲಿ ಬಂದಿದೆ, ಅಪರೂಪ" ಎಂದು ತೋರಿಸಿದರು. ಪಾಲಕ್ಕ ಸ್ಟೂಲಿನ ಮೇಲೆ ಕೈ ಕಟ್ಟಿಕೊಂಡು ಕೂತಿದ್ದಳು. ಮಾರುವುದಕ್ಕೆ ತಂದ ಕುರಿಯ ಹಲ್ಲನ್ನು ಕೂಡ ನಮ್ಮವರು ಕೇಳಿ ನೋಡುತ್ತಾರೆ.

"ನೀವಿಬ್ರೂ ಸಂಬಂಧಿಕರಾ?" ಎಂದು, ಬೋರಯ್ಯನಿಗೂ ಇದೆ ಎಂದು ನಾನು ಹೇಳಿದ ಮೇಲೆ, ವೈದ್ಯರು ಗಂಡ ಹೆಂಡತಿಯನ್ನು ನೋಡಿ ಮಾರಕ್ಕನನ್ನು ಕೇಳಿದರು.

"ಈಯಪ್ಪ ನಮ್ಮವ್ವನ ತಮ್ಮ" ಎಂದಳು ಮಾರಕ್ಕ. ಬೋರಯ್ಯನ ಅಕ್ಕನನ್ನು ಆಂಧ್ರದ ಗಡಿಯ ದೇವಸಮುದ್ರದ ಕಡೆಗೆ ಕೊಟ್ಟಿದ್ದರು, ಆಕೆಯ ಮಗಳನ್ನೇ ಬೋರಯ್ಯ ಮದುವೆಯಾಗಿದ್ದ. ನಮ್ಮ ಕಡೆ ಇದು ಎಲ್ಲರ ಮನೆಯಲ್ಲೂ ಇದೆ.

"ಅದಕ್ಕೇ ಮತ್ತೆ" ಎಂದು ವೈದ್ಯರು ನಕ್ಕರು. "ತಂದೆಗೆ ದೋಷ ಇದೆ, ತಾಯಿ ಕಡೆಯಿಂದಲೂ ಅದೇ ದೋಷ ಬಂದಿದೆ. ಎರಡೂ ಸೇರಿದ್ರೆ ಹೆಣ್ಣಿಗೂ ಬರುತ್ತೆ. ಅಕ್ಕನ ಮಗಳನ್ನ ಮಾಡ್ಕೊಳ್ಳುವಾಗ ಗೊತ್ತಾಗಲ್ವಾ ನಿಮಗೆ?"

ಬೋರಯ್ಯ ತಲೆ ತಗ್ಗಿಸಿದ. ಮಾರಕ್ಕ ತಗ್ಗಿಸಲಿಲ್ಲ. "ಮದುವೆ ವಿಷ್ಯ ಆಮೇಲೆ ಬೈರಿ ಸಾರು" ಎಂದಳು. "ನನ್ ಮಗಳಿಗೆ ಗೆರೆ ಕಾಣಲ್ಲ ಅಂತ ಬರ್ಕೊಡ್ರಿ. ನಮಗೆ ಬಸ್ಸಿಗೆ ಹೊತ್ತಾಗ್ತೈತೆ." ಹೊರಗೆ ಬಂದ ಮೇಲೆ ಗಂಡನಿಗೆ "ವೀಡಿಕೇಮಿ ತೆಲುಸು, ಪದ" ಎಂದಳು, ಇವನಿಗೇನು ಗೊತ್ತು, ನಡಿ ಎಂದು. ಅವಳಿಗೆ ಸಿಟ್ಟು ಬಂದಾಗ ತವರಿನ ತೆಲುಗೇ ಬರುತ್ತಿತ್ತು. ಹಾಗೆ ಮದುವೆಯಾಗುವುದು ಸರಿ ಎಂದು ನಾನೂ ಹೇಳುವುದಿಲ್ಲ, ಎಷ್ಟೋ ಹುಡುಗಿಯರ ಮನೆಗೆ ಹೋಗಿ ಬೇಡ ಎಂದು ಜಗಳ ಮಾಡಿದ್ದೇನೆ. ಆದರೆ ಆ ಹುಡುಗಿ ಅವತ್ತು ಹೋಗಿದ್ದು ಒಂದು ಗೆರೆಗಾಗಿ. ಅವಳಿಗೆ ಸಿಕ್ಕಿದ್ದು ಅಪ್ಪ ಅವ್ವನ ಮದುವೆಯ ಮೇಲೆ ಒಂದು ಪಾಠ.

ಆಯ್ಕೆಯ ದಿನ ಬೆಳಿಗ್ಗೆ ಪಾಲಕ್ಕ ಅಂಗಿ ಹಾಕಿಕೊಂಡು, ಮಂಡಿಗೆ ಪಟ್ಟಿ ಕಟ್ಟಿಕೊಂಡು ಮ್ಯಾಟಿನ ಪಕ್ಕದಲ್ಲಿ ಮೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಳು. ನಾನು ಒಂದು ಕೈಯಲ್ಲಿ ಟೇಪು, ಇನ್ನೊಂದು ಕೈಯಲ್ಲಿ ವೈದ್ಯರ ಚೀಟಿ ಹಿಡಿದು ಮುಖ್ಯಸ್ಥರ ಮುಂದೆ ನಿಂತೆ. ಅವರು ಚೀಟಿಯನ್ನು ಓದಿದರು. ಮುಖ ಅರಳಿತು.

"ಈಗ ಸರಿ ಹೋಯ್ತು ನೋಡಿ ಮೇಡಂ. ದೃಷ್ಟಿದೋಷ ಅಂತ ಡಾಕ್ಟ್ರೇ ಕೊಟ್ಟಿದ್ದಾರೆ. ದೋಷ ಇರೋರನ್ನ ತಗೊಳ್ಳೋಕೆ ಬರಲ್ಲ. ಅನ್‌ಫಿಟ್."

"ಟೇಪ್ ಹಾಕೋಕೆ ಬರೆಸ್ಕೊಂಡು ಬನ್ನಿ ಅಂದಿದ್ದು ನೀವು."

"ಅಂದಿದ್ದು ನಿಜ. ಈಗ ನನ್ನ ಕೈಯಲ್ಲಿ ದಾಖಲೆ ಇದೆ, ನಾನು ಹೇಗೆ ಆಡಿಸಲಿ?"

"ನೀವು ಕನ್ನಡಕ ಹಾಕ್ಕೊಂಡು ಅಂಪೈರಿಂಗ್ ಮಾಡ್ತೀರಿ. ಅದು ದೋಷ ಅಲ್ವಾ?"

"ಅದು ಬೇರೆ" ಎಂದರು.

ನಾನು ಕೂಗಾಡಿದೆ. ಮೈದಾನದಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಕೂಗಾಡಿದೆ. ಇಂದಿಗೂ ಅದಕ್ಕೆ ನನಗೆ ನಾಚಿಕೆ ಇಲ್ಲ, ಅಷ್ಟು ಕೂಗಿದ್ದು ಸಾಲಲಿಲ್ಲ ಎಂಬ ಬೇಸರ ಮಾತ್ರ ಇದೆ. ಮೇಲಿನವರಿಗೆ ಅರ್ಜಿ ಬರೆದೆ, ಮತ್ತೆ ಬರೆದೆ, ಖುದ್ದಾಗಿ ಹೋಗಿ ಬೆಂಚಿನ ಮೇಲೆ ಕಾದೆ. ಬಣ್ಣಗುರುಡಿಗೂ ಕಬಡ್ಡಿಗೂ ಏನು ಸಂಬಂಧ, ಯಾವ ನಿಯಮದಲ್ಲಿ ಅನ್‌ಫಿಟ್ ಎಂದಿದೆ, ತೋರಿಸಿ ಎಂದೆ. ಯಾರೂ ತೋರಿಸಲಿಲ್ಲ. ಅಷ್ಟರಲ್ಲಿ ಆ ಸಾಲಿನ ಪ್ರವೇಶವೇ ಮುಗಿದುಹೋಯಿತು.

ಆಯ್ಕೆಯ ದಿನ ಮೈದಾನದ ಗೇಟಿನ ಹತ್ತಿರ ಬೋರಯ್ಯ ನನ್ನನ್ನು ನಿಲ್ಲಿಸಿ ಕೇಳಿದ್ದನ್ನು ಬರೆಯಲೇಬೇಕು. "ಮೇಡಂ, ಚೀಟಿ ತಂದಿದ್ದಕ್ಕೆ ಬ್ಯಾಡ ಅಂದ್ರು. ತರ್ದೇ ಇದ್ದಿದ್ರೆ ತಗೊಳ್ತಿದ್ರಾ?"

"ತರ್ದೇ ಇದ್ದಿದ್ರೆ ಗೆರೆ ಹಾಕ್ತಿರ್ಲಿಲ್ಲ. ಅವಳು ಲಾಬಿ ತುಳಿದು ಔಟಾಗ್ತಿದ್ಲು."

"ಹಂಗಾದ್ರೆ ನನ್ ಮಗಳು ಒಳಗೆ ಹೋಗಾಕೆ ಬಾಗ್ಲು ಯಾವ ಕಡೆ ಇತ್ತು?" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ.

ಅದಾದ ಮೇಲೆ ನಾನು ಯಾರ ಅನುಮತಿಯನ್ನೂ ಕೇಳಲಿಲ್ಲ. ಬಿ.ಜಿ. ಕೆರೆಯಲ್ಲಿ ಆಟ ಇರಲಿ, ಚಳ್ಳಕೆರೆಯಲ್ಲಿ ಇರಲಿ, ಎಲ್ಲರಿಗಿಂತ ಮೊದಲು ಹೋಗಿ ಟೇಪು ಅಂಟಿಸಿ, ಏನೂ ತಿಳಿಯದವಳಂತೆ ಮರದ ಕೆಳಗೆ ಕೂರುತ್ತಿದ್ದೆ. ಉದ್ಘಾಟನೆಗೆ ಬಂದವರು "ಮೈದಾನ ಚೆನ್ನಾಗಿ ಸಿದ್ಧ ಮಾಡಿದ್ದೀರಿ" ಎಂದು ಅದೇ ಮುಖ್ಯಸ್ಥರ ಬೆನ್ನು ತಟ್ಟುತ್ತಿದ್ದರು. ತಟ್ಟಿಸಿಕೊಳ್ಳಲಿ. ನೀವೂ ಹಾಗೆಯೇ ಮಾಡಿ. ಮಗುವಿಗೆ ಏನು ಕಾಣುತ್ತದೆ ಎಂದು ಮಗುವನ್ನೇ ಕೇಳಿ, ಬೇರೆಯವರ ಮುಂದೆ ಬೇಡ, ಒಬ್ಬೊಬ್ಬರನ್ನೇ ಕರೆದು ಕೇಳಿ. ಬೇಕಾದ್ದನ್ನು ಮಾಡಿಬಿಡಿ. ಬರೆಸಿಕೊಂಡು ಬನ್ನಿ ಎನ್ನುವವರ ಕೈಗೆ ಮಗುವಿನ ಹೆಸರು ಕೊಡಬೇಡಿ.

ಇತ್ತೀಚೆಗೆ ಆ ಮೈದಾನಕ್ಕೆ ಹೊಸ ಮ್ಯಾಟು ಬಂತು. ನಿವೃತ್ತಳಾಗಿದ್ದರೂ ನೋಡಲು ಹೋಗಿದ್ದೆ. ಎರಡೂ ಲಾಬಿಗೆ ಉದ್ದಕ್ಕೂ ದಪ್ಪ ಬಿಳಿ ಗೆರೆ, ಕಾರ್ಖಾನೆಯಿಂದಲೇ ಹಾಕಿ ಕಳಿಸಿದ್ದು. ಯಾರೂ ಕೇಳಿರಲಿಲ್ಲ, ಯಾರೂ ಚೀಟಿ ತಂದಿರಲಿಲ್ಲ, ಯಾರೂ ಪಕ್ಷಪಾತ ಎನ್ನಲಿಲ್ಲ. ಟಿವಿಯಲ್ಲಿ ಗೆರೆ ಚೆನ್ನಾಗಿ ಕಾಣಲಿ ಎಂದು ಈಗ ಎಲ್ಲಾ ಕಡೆ ಹೀಗೇ ಬರುತ್ತದಂತೆ.

ಅದೇ ವಾರ ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ಪಾಲಕ್ಕ ಸಿಕ್ಕಳು. ಹತ್ತನೇ ತರಗತಿಯ ನಂತರ ಓದು ನಿಂತಿತ್ತು. ಈಗ ಬಟ್ಟೆ ಹೊಲಿಯುವ ಘಟಕವೊಂದಕ್ಕೆ ಹೋಗುತ್ತಾಳೆ. ದಾರದ ಬಣ್ಣ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಪಕ್ಕದ ಮಿಷಿನ್ನಿನ ಗೆಳತಿ ಮೆಲ್ಲಗೆ ಹೇಳಿಕೊಡುತ್ತಾಳಂತೆ.

"ಸೂಪರ್‌ವೈಸರ್‌ಗೆ ಹೇಳಿದ್ರೆ ದಾರದ ಡಬ್ಬದ ಮೇಲೆ ಬಣ್ಣದ ಹೆಸ್ರು ಬರೆಸ್ತಾರಲ್ಲೇ" ಎಂದೆ.

"ಬ್ಯಾಡ ಮೇಡಂ. ನೀವೂ ಯಾರಿಗೂ ಹೇಳ್ಬ್ಯಾಡ್ರಿ" ಎಂದು ಅತ್ತಿತ್ತ ನೋಡಿದಳು. ಎಲ್ಲೈತೆ ಲಾಬಿ ಎಂದು ಮೈದಾನದ ನಡುವೆ ನಿಂತು ಕೇಳಿದ್ದ ಹುಡುಗಿ ಅವಳು.

ಹೇಳಬಾರದಿತ್ತೋ ಏನೋ, ಹೊಸ ಮ್ಯಾಟಿಗೆ ಬಿಳಿ ಗೆರೆ ಬಂದಿದೆ ಎಂದು ಹೇಳಿಬಿಟ್ಟೆ.

"ಎಷ್ಟಗಲ ಹಾಕ್ಯಾರೆ ಮೇಡಂ?" ಎಂದಳು.

ನಾನು ಎರಡು ಬೆರಳು ಜೋಡಿಸಿ ತೋರಿಸಿದೆ. ಅವಳು ನನ್ನ ಕೈಯನ್ನು ಹಿಡಿದು, ಆ ಬೆರಳುಗಳ ಅಗಲವನ್ನು ತನ್ನ ಬೆರಳಿನಿಂದ ಅಳೆದು ನೋಡಿದಳು.

"ಇಷ್ಟೇನಾ" ಎಂದಳು. ಅಷ್ಟರಲ್ಲಿ ಅವಳ ಬಸ್ಸು ಬಂತು.